ಮೈನರ್ ಹುಡುಗಿಯ ಚಟ್ನಿಪುಡಿ

ಹದಿನಾರನೆಯ ವಯಸ್ಸಿಗೆ ನನಗೆ ವ್ಯಾಪಾರದ ಹುಚ್ಚು ಹಿಡಿದಿತ್ತು. ಬ್ಯಾಟರಾಯನಪುರದ ಬಾಡಿಗೆ ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ಚಟ್ನಿಪುಡಿ ಮಾಡಿ ಬೀದಿಯವರಿಗೆ ಮಾರುತ್ತಿದ್ದೆವು. ಹುರಿಯುವುದು, ಪುಡಿ ಮಾಡುವುದು ಹೆಚ್ಚಾಗಿ ಅಜ್ಜಿ; ಪೊಟ್ಟಣಕ್ಕೆ ಲೇಬಲ್ ಅಂಟಿಸುವುದು, ಜಂಬ ಕೊಚ್ಚುವುದು ನಾನು. ಮುಖ್ಯರಸ್ತೆಯ ಅಂಗಡಿಯವರು ತಾವೂ ಇಟ್ಟುಕೊಳ್ಳುತ್ತೇವೆ ಎಂದರು. ಆದರೆ ಪೊಟ್ಟಣದ ಮೇಲೆ ಲೈಸೆನ್ಸ್ ನಂಬರ್ ಇರಲೇಬೇಕಂತೆ.

ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೊರಟೆ. ಅಜ್ಜಿಯೂ ಹೊರಟಳು. ನಾನು ಎಲ್ಲಿಗೆ ಹೊರಟರೂ ಅವಳು ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟುವವಳೇ. ಬಸ್ ಸ್ಟಾಪಿಗೆ, ಜೆರಾಕ್ಸಿಗೆ, ಕೊನೆಗೆ ಪಾನಿಪುರಿಗೂ. ನನಗೆ ಮುಜುಗರ, ಅವಳಿಗೆ ದಿನದ ತಿರುಗಾಟ ಅದೊಂದೇ.

ಸೆಂಟರಿನವರು ನನ್ನ ಆಧಾರ್ ನೋಡಿ ತಲೆಯಾಡಿಸಿದರು. "ಹದಿನೆಂಟು ಆಗ್ಬೇಕಮ್ಮ. ನೀನು ಮೈನರ್. ಮೈನರ್ ಆದ್ರೆ ಫುಡ್ ಲೈಸೆನ್ಸ್ ಕೊಡಲ್ಲ."

ಅಜ್ಜಿಯ ಕಿವಿಗೆ ಅದು ಬಿದ್ದದ್ದು ಮೈನೆರೆದರೆ ಕೊಡಲ್ಲ ಎಂದು. ಮುಟ್ಟಾಗುವ ಹುಡುಗಿ ಅಡುಗೆ ಮುಟ್ಟಬಾರದೆಂದು ಸರ್ಕಾರವೇ ಕಾನೂನು ಮಾಡಿದೆ ಅಂದುಕೊಂಡಳು. ಸುಮ್ಮನಿರುವ ಹೆಂಗಸೇ ಅಲ್ಲ.

"ಮೈನೆರೆದ್ರೆ ಏನಾಯ್ತು ಸ್ವಾಮಿ? ಎಲ್ಲಾ ಎಣ್ಮಕ್ಳೂ ಮೈನೆರಿತಾರೆ. ಆ ಮೂರ್ ದಿನ ಉರಿಯೋದು ಪುಡಿ ಮಾಡೋದು ಎಲ್ಲಾ ನಾನೇ. ಇವ್ಳು ಡಬ್ಬಿ ಸೈತ ಮುಟ್ಟಾಕಿಲ್ಲ. ಬರ್ಕೊಳಿ!"

ನನ್ನ ಹಿಂದೆ ನಮ್ಮ ಕ್ಲಾಸಿನ ಮೂವರು ಹುಡುಗರು ನಿಂತಿದ್ದರು. ಗೊಳ್ಳೆಂದು ನಕ್ಕರು. ಸೆಂಟರಿನವರು ನಗು ನುಂಗಿಕೊಂಡು, "ಅಜ್ಜಿ, ನಿಮ್ ಹೆಸ್ರಲ್ಲೇ ಮಾಡ್ಸೋಣ ಬಿಡಿ, ಆಧಾರ್ ಕೊಡಿ" ಎಂದರು. ಅಜ್ಜಿ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದಳು. ನಾನು ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ನನ್ ಮಾನ ಕಳೆದ್ಬಿಟ್ಟೆ. ನಿನ್ ಹೆಸ್ರಿನ ಲೈಸೆನ್ಸೇ ಬೇಡ ನಂಗೆ. ಇನ್ಮೇಲೆ ನನ್ ಜೊತೆ ಎಲ್ಲಿಗೂ ಬರ್ಬೇಡ."

ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಆಡಿದ್ದೆ. ಅಜ್ಜಿ ಅದನ್ನು ಪಾಲಿಸಿದಳು. ಮಾರನೆಯ ದಿನ ಬಾಗಿಲವರೆಗೆ ಬಂದು ನಿಂತುಬಿಟ್ಟಳು. ನಾಲ್ಕು ದಿನಕ್ಕೆ ನನ್ನ ಸಿಟ್ಟೇನೋ ಇಳಿಯಿತು, ಆದರೆ "ಬಾ" ಅನ್ನಲು ನಾಲಿಗೆ ಏಳಲಿಲ್ಲ. ಎಂಥ ಹಾಳು ಬಿಗುಮಾನ! ಹೆಬ್ಬಾಳದ ಕಡೆಯ ಬಸ್ಸು ತಡವಾದಾಗ ಪಕ್ಕದಲ್ಲಿ ನಿಂತು ಡ್ರೈವರಿಗೆ ಬೈಯುವವರು ಯಾರೂ ಇರಲಿಲ್ಲ. ನನಗೆ ಗೆಳತಿಯರೇ ಇಲ್ಲ ಎನ್ನುವುದು ಆ ಬಸ್ ಸ್ಟಾಪಿನಲ್ಲಿ ತಿಳಿಯಿತು. ಅದುವರೆಗೆ ಅಜ್ಜಿ ಅದು ಗೊತ್ತಾಗದಂತೆ ನೋಡಿಕೊಂಡಿದ್ದಳು. ಎರಡು ವರ್ಷ ಹಾಗೆಯೇ ಒಂಟಿಯಾಗಿ ಓಡಾಡಿದೆ.

ಹದಿನೆಂಟು ತುಂಬಿದ ಕೂಡಲೇ ಅರ್ಜಿ ಹಾಕಿದೆ. ನನ್ನ ಹೆಸರಲ್ಲೇ ಲೈಸೆನ್ಸ್ ಬಂತು. ಲೇಬಲ್ ಮೇಲೆ ನಂಬರ್ ಹಾಕಿಸಿ, ಪೊಟ್ಟಣಗಳನ್ನು ಚೀಲಕ್ಕೆ ತುಂಬಿ, ಕೊನೆಗೂ ಬಾಯಿಬಿಟ್ಟು ಕರೆದೆ. "ಅಜ್ಜಿ, ಬಾ. ಅಂಗಡೀಲಿ ಇಡೋದು ನೋಡುವಂತೆ."

ಕುಣಿದುಕೊಂಡು ಬರುತ್ತಾಳೆ ಅಂದುಕೊಂಡಿದ್ದೆ. ಅವಳು ಕೂತಲ್ಲಿಂದ ಏಳಲಿಲ್ಲ. ಮುಖದಲ್ಲಿ ಮುನಿಸೂ ಇರಲಿಲ್ಲ.

"ನೀನ್ ಓಗ್ಬಾ ಮಗ. ಅವ್ರು ಏನಾರ ಕೇಳ್ತಾರೆ, ನಾ ಇನ್ನೇನೋ ಅಂದ್ಬುಡ್ತೀನಿ. ಆಮ್ಯಾಕೆ ನಿನ್ ಯಾಪಾರ ಕೆಟ್ಟೋಯ್ತದೆ."

ಅವಳು ನನ್ನನ್ನು ಚುಚ್ಚಲು ಹಾಗೆ ಹೇಳಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಳು. ಚೀಲ ಹೆಗಲಿಗೇರಿಸಿಕೊಂಡು ಒಬ್ಬಳೇ ಅಂಗಡಿಗೆ ಹೊರಟೆ.