ಅವ್ವ ಹೊತ್ತುಕೊಂಡ ಕಳವು

ಕೋವಿಡ್ ಕಳೆದ ಮರುವರ್ಷ. ನಾನಾಗ ಸಿಂದಗಿಯಲ್ಲಿ ವಕೀಲಿ ಮಾಡುತ್ತಿದ್ದೆ. ಹೆಸರು ಬದಲಿಸಿ ಹೇಳುತ್ತೇನೆ. ಯಂಕಂಚಿ ಕಡೆಯ ಶಾಂತವ್ವ ಅಂಗನವಾಡಿ ಸಹಾಯಕಿ, ಮಗಳು ರೇಣುಕಾ ಒಂಬತ್ತನೆಯ ತರಗತಿಯಲ್ಲಿದ್ದಳು. ಪೇಟೆಯ ಅಂಗಡಿಯೊಂದರಲ್ಲಿ ಹುಡುಗಿಯ ಚೀಲದೊಳಗೆ ಬಿಲ್ ಮಾಡಿಸದ ಎರಡು ನೇಲ್ ಪಾಲಿಶ್ ಸಿಕ್ಕವು. ಅವಳು ಬಾಯಿ ತೆರೆಯುವ ಮೊದಲೇ ಜೊತೆಗಿದ್ದ ಅವ್ವ, "ನಾನ ಹಾಕೇನ್ರಿ, ಅಕೀಗೇನೂ ಗೊತ್ತಿಲ್ಲ" ಅಂದುಬಿಟ್ಟಳು. ಅಲ್ಲಿ ಆಗಾಗ ಸಾಮಾನು ಕಾಣೆಯಾಗುತ್ತಿತ್ತಂತೆ. ಮಾಲೀಕ ಯಾರ ಮಾತೂ ಕೇಳದೆ ದೂರು ಕೊಟ್ಟ. ಶಾಂತವ್ವನ ಮೇಲೆ ಎಫ್‌ಐಆರ್ ಆಯಿತು.

ಜಾಮೀನಾದ ಮೇಲೆ ಶಾಂತವ್ವ ನನ್ನ ಕಚೇರಿಯಲ್ಲಿ ಕುಳಿತು, ಕದ್ದವಳು ಮಗಳೇ ಎಂಬ ನಿಜ ಹೇಳಿದಳು. ನಾನು ಹಣೆ ಚಚ್ಚಿಕೊಂಡೆ. "ಎಂಥಾ ಕೆಲಸ ಮಾಡಿದ್ಯವ್ವಾ!"

ಹದಿನೆಂಟು ತುಂಬದವರ ಇಂಥ ಸಣ್ಣ ಕಳವಿಗೆ ಸಾಮಾನ್ಯವಾಗಿ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದು ಬಾಲನ್ಯಾಯ ಮಂಡಳಿಗೆ ವರದಿ ಕಳಿಸುತ್ತಾರೆ. ಲಾಕಪ್ಪಿಗೆ ಹಾಕುವಂತಿಲ್ಲ. ತಂದೆತಾಯಿ ಜೊತೆಗಿರಬಹುದು, ವಕೀಲರನ್ನು ಇಟ್ಟುಕೊಳ್ಳಬಹುದು. ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು. ಮಗುವಿನ ಹೆಸರು ಹೊರಬರುವಂತಿಲ್ಲ, ಮುಂದೆ ನೌಕರಿಗೂ ಅಡ್ಡಿಯಿಲ್ಲ. ದೊಡ್ಡವರಿಗೆ ಈ ಆಸರೆ ಇಲ್ಲ.

"ಖರೇ ಹೇಳೂಣು. ಇಬ್ರೂ ಉಳೀತೀರಿ" ಎಂದೆ.

"ಹೆಣ್ಣ ಹುಡುಗಿ ಐತ್ರಿ ಮೇಡಂ. ಕಾನೂನು ಮರೀತೈತಿ, ಮಂದಿ ಮರೀತಾರೇನ್ರಿ? ನನ್ನ ಹೆಸರು ಕೆಟ್ರ ಕೆಡ್ಲಿ."

ಕೋರ್ಟಿನ ಮುಂದೆ ಸುಳ್ಳು ತಪ್ಪೊಪ್ಪಿಗೆ ಕೊಡಿಸುವುದು ನನ್ನಿಂದಾಗದು ಎಂದು ಕಡ್ಡಿ ಮುರಿದಂತೆ ಹೇಳಿದೆ. ಆಕೆ ಬೇರೆ ವಕೀಲರ ಹತ್ತಿರ ಹೋಗಿ, ತಪ್ಪೊಪ್ಪಿಕೊಂಡು ದಂಡ ಕಟ್ಟಿದಳು. ಅಂಗನವಾಡಿ ಕೆಲಸ ಹೋಯಿತು. ಕಕ್ಷಿದಾರರ ಗುಟ್ಟನ್ನು ವಕೀಲರು ಬಿಟ್ಟುಕೊಡುವಂತಿಲ್ಲ. ಆ ನಿಯಮ ನನಗೆ ಅಷ್ಟು ಭಾರವೆನಿಸಿದ್ದು ಆಗಲೇ.

ಈಗ ಇಂಡಿಯಿಂದಲೋ ಮುದ್ದೇಬಿಹಾಳದಿಂದಲೋ ಗಾಬರಿಯಾದ ತಂದೆತಾಯಿ ಫೋನ್ ಮಾಡಿದರೆ ಮೊದಲು ಹೇಳುವುದು ಒಂದೇ: "ಕೂಸಿನ ಬಾಜೂಕ ಕುಂದರ್ರಿ. ಅದರ ತಪ್ಪು ನೀವು ಹೊರಬ್ಯಾಡ್ರಿ." ಕಾನೂನಿನ ಮಾತೆಲ್ಲ ಆಮೇಲೆ.

ಇದನ್ನು ನನಗೆ ಕಲಿಸಿದವಳು ರೇಣುಕಾ. ಕೇಸು ಮುಗಿದು ಎಷ್ಟೋ ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಶಾಲೆ ಬಿಟ್ಟಿದ್ದಳು. ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

"ನನಗ ಒಂದ ಮಾತೂ ಬೈದಿಲ್ರಿ ಮೇಡಂ" ಅಂದಳು. "ಒಮ್ಮೆರೆ ಬೈಬೇಕಿತ್ರಿ."