ಮೂರನೇ ಗಂಟೆಯ ಹಗ್ಗ

ಮಾವಿಸ್ ಬೆಬ್ ಮಿನಿಬಸ್ಸಿನ ಹಾರ್ನ್ ಒತ್ತಿ ಹಿಡಿದಾಗ ಚರ್ಚಿನ ಅಂಗಳದ ಕಾಗೆಗಳು ಎದ್ದವು. ಗಂಟೆ ಬಾರಿಸುವವರು ಏಳಲಿಲ್ಲ.

ಬೆಂಚಿನ ಮೇಲಿಂದ ಗ್ವೆಂಡಾ ಕೈ ಬೀಸಿದಳು. "ಇನ್ನೂ ಅರ್ಧ ಕೇಕ್ ಇದೆ ಕಣೇ! ಬಿಟ್ಟು ಬಂದ್ರೆ ಈ ಊರಿನ ಹೆಂಗಸ್ರು ಮುಖ ಊದಿಸ್ಕೋತಾರೆ."

"ಊದಿಸ್ಕೊಳ್ಳಲಿ. ಹೋಪ್‌ಬೆಚ್‌ನಲ್ಲಿ ಸಂಜೆ ಐದಕ್ಕೆ ಬಾರಿಸೋದು ನಿಲ್ಲಿಸ್ಬೇಕು. ಪಕ್ಕದ ಹೊಲದವನ ಕುದುರೆ ಇವತ್ತೋ ನಾಳೆಯೋ ಮರಿ ಹಾಕತ್ತೆ, ಆಮೇಲೆ ಸದ್ದಾಗಬಾರದು ಅಂದಿದಾನೆ."

"ನಾವು ಬಾರಿಸೋದು ಕೇಳಿದ್ರೆ ಪಾಪ ಅದು ಈಗಲೇ ಹಾಕತ್ತೆ ಬಿಡು."

ಎಲ್ಲರೂ ನಕ್ಕರು. ಮಾವಿಸ್ ನಗಲಿಲ್ಲ.

ಶ್ರಾಪ್‌ಶೈರಿನ ಗುಡ್ಡಗಳಲ್ಲಿ ಪ್ರತಿ ಮೇ ತಿಂಗಳಲ್ಲಿ ಈ ತಂಡ ಒಂದು ಶನಿವಾರ, ಭಾನುವಾರ ಹೊರಡುತ್ತದೆ. ಹಳೆಯ ಚರ್ಚುಗಳಿಗೆ ಹೋಗುವುದು, ಗೋಪುರದೊಳಗೆ ನಿಂತು ಅಲ್ಲಿನ ಗಂಟೆ ಬಾರಿಸುವುದು, ಚಹಾ ಕುಡಿಯುವುದು, ಮುಂದಿನ ಚರ್ಚಿಗೆ ಹೋಗುವುದು. ಪಾದ್ರಿಗಳಿಗೆ ಫೋನು ಮಾಡುವುದು, ಬೀಗದ ಕೈ ತರುವುದು, ಬಸ್ಸು ಓಡಿಸುವುದು ಮಾವಿಸಳ ಪಾಲು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಎಪ್ಪತ್ತರ ಹೆಂಗಸು. ಮಕ್ಕಳನ್ನು ಹತ್ತಿಸುವುದು ಇವರನ್ನು ಹತ್ತಿಸುವುದಕ್ಕಿಂತ ಸುಲಭವಿತ್ತು ಎನ್ನುತ್ತಾಳೆ.

ಈ ವರ್ಷ ಅವಳಿಗೆ ಬೇಕಾಗಿದ್ದುದು ಒಂದೇ, ಹೋಪ್‌ಬೆಚ್‌ನ ಮೂರನೇ ಗಂಟೆ ಬಾರಿಸುವುದು. ಹೋಪ್‌ಬೆಚ್ ಅವಳು ಹುಟ್ಟಿದ ಊರು. ಅಲ್ಲಿನ ಆರು ಗಂಟೆಗಳಲ್ಲಿ ಮೂರನೆಯದನ್ನು ಅವಳ ಅಪ್ಪ ಬಾರಿಸುತ್ತಿದ್ದ, ಆಮೇಲೆ ಅಣ್ಣ. ಹುಡುಗಿಯರಿಗೆ ಆ ಗೋಪುರದಲ್ಲಿ ಜಾಗವಿರಲಿಲ್ಲ. "ಕೆಳಗಿಂದಲೂ ಚೆನ್ನಾಗೇ ಕೇಳಿಸತ್ತೆ" ಎನ್ನುತ್ತಿದ್ದ ಅಪ್ಪ. ಅವಳು ಕಲಿತದ್ದು ಮದುವೆಯಾಗಿ ಹೋದ ಊರಿನಲ್ಲಿ. ಅಷ್ಟರಲ್ಲಿ ಹೋಪ್‌ಬೆಚ್‌ನಲ್ಲಿ ಬಾರಿಸುವವರೇ ಇಲ್ಲದೆ ಗೋಪುರಕ್ಕೆ ಬೀಗ ಬಿದ್ದಿತ್ತು. ಈಗ ಚರ್ಚೇ ಮುಚ್ಚುತ್ತಿದೆ. ಭಾನುವಾರ ಕೊನೆಯ ಪ್ರಾರ್ಥನೆ. ಸೋಮವಾರ ಗಂಟೆಗಳನ್ನು ಇಳಿಸಿ ಬೇರೆ ಊರಿಗೆ ಸಾಗಿಸುತ್ತಾರೆ.

ಅವರು ಹೋಪ್‌ಬೆಚ್ ಮುಟ್ಟಿದಾಗ ನಾಲ್ಕೂವರೆ ದಾಟಿತ್ತು. ಬಸ್ಸು ನಿಲ್ಲಿಸಲು ಓಣಿಯಲ್ಲಿ ಜಾಗವಿಲ್ಲ. ಉಳಿದವರು ಇಳಿದು ಹೋದರು. ಮಾವಿಸ್ ಹಿಂದಕ್ಕೆ ಮುಂದಕ್ಕೆ ಮಾಡಿ ಬೇಲಿಗೆ ಒತ್ತಿ ನಿಲ್ಲಿಸಿದಳು. ಮಂಡಿ ನೋವಿನ ಗ್ವೆಂಡಾಳನ್ನು ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಾಗ ಮೇಲೆ ಗಂಟೆಗಳು ಒಂದೊಂದಾಗಿ ಏಳುವುದು ಕೇಳಿಸಿತು. ಇಲ್ಲಿನ ಗಂಟೆಯನ್ನು ಮೊದಲು ತೂಗಿ ತೂಗಿ ಬಾಯಿ ಆಕಾಶಕ್ಕೆ ಬರುವಂತೆ ಏರಿಸಬೇಕು. ಆಮೇಲೆ ಒಂದೊಂದು ಎಳೆತಕ್ಕೆ ಅದು ಪೂರ್ತಿ ಸುತ್ತು ಹಾಕುತ್ತದೆ. ಆಚೆಗೆ ಮಗುಚದಂತೆ ತಡೆಯುವುದು ಒಂದು ಮರದ ತುಂಡು.

ಆ ಮರ ಮುರಿದ ಸದ್ದು ಮೆಟ್ಟಿಲಿಗೂ ಕೇಳಿಸಿತು.

"ಹಗ್ಗ ಬಿಡ್ರೋ!" ಎಂದು ಯಾರೋ ಕಿರುಚಿದರು.

ಮಾವಿಸ್ ಒಳಗೆ ಬಂದಾಗ ಮೂರನೇ ಗಂಟೆಯ ಹಗ್ಗ ಹಾವಿನಂತೆ ಛಾವಣಿಗೆ ಬಡಿಯುತ್ತಿತ್ತು. ಅದನ್ನು ಎಳೆಯುತ್ತಿದ್ದ ತಂಡದ ಕ್ಲೈವ್ ಟೆಂಪರ್ಲಿ ಗೋಡೆಗೆ ಅಂಟಿ ನಿಂತಿದ್ದ.

"ನಿಮಗೋಸ್ಕರಾನೇ ಏರಿಸಿಡ್ತಿದ್ದೆ ಮಾವಿಸ್. ನಿಮ್ಮ ಭುಜ ನೋಯತ್ತಲ್ಲ. ಇದು ಇಷ್ಟು ಹಗುರ ಅಂತ ಗೊತ್ತಾಗ್ಲಿಲ್ಲ, ಒಂಚೂರು ಜೋರಾಗಿ ಎಳೆದುಬಿಟ್ಟೆ."

"ನಾನು ಕೇಳಿದ್ನಾ?"

"ಇಲ್ಲ, ಆದ್ರೆ..."

"ಕೇಳಿದ್ನಾ ಅಂತ!"

ಮೇಲೆ ಗಂಟೆ ಓಲಾಡಿ ಓಲಾಡಿ ನಿಂತಿತು. ತಡೆಮರವಿಲ್ಲದೆ ಅದನ್ನು ಮತ್ತೆ ಏರಿಸುವುದಕ್ಕೆ ಅಲ್ಲಿದ್ದವರು ಯಾರೂ ಒಪ್ಪುವಂತಿರಲಿಲ್ಲ. ಹೊಸದನ್ನು ಕೂರಿಸಲು ಬಡಗಿ ಬೇಕು, ಅರ್ಧ ದಿನ ಬೇಕು.

"ನನ್ನ ಗಂಟೆ ತಗೊಳ್ಳಿ," ಎಂದ ಕೊನೆಯ ಹಗ್ಗ ಹಿಡಿದಿದ್ದವನು.

"ನನಗೆ ಅದು ಬೇಡ. ನೀವು ಐದನ್ನೇ ಬಾರಿಸಿ. ಕಾಲು ಗಂಟೆ ಉಳಿದಿದೆ."

ಅವರು ಬಾರಿಸಿದರು, ಮೂರನೆಯದರ ಜಾಗದಲ್ಲಿ ಪ್ರತಿ ಸುತ್ತಿಗೂ ಒಂದು ಹಳ್ಳ ಬೀಳುತ್ತಿತ್ತು. ಮಾವಿಸ್ ಹೊರಗೆ ಗೋಡೆಯ ಮೇಲೆ ಕೂತಳು. ಕೆಳಗಿಂದ ಚೆನ್ನಾಗೇ ಕೇಳಿಸಿತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಆ ಚರ್ಚಿನ ಪಾದ್ರಿಯಮ್ಮ ಪಕ್ಕಕ್ಕೆ ಬಂದು ನಿಂತರು. "ನಾಳೆ ಪ್ರಾರ್ಥನೆಗೆ ಜನರನ್ನ ಕರೆಯೋಕೆ ಒಂದು ಗಂಟೆ ಆದ್ರೂ ಬೇಕಿತ್ತು. ನಮ್ಮಲ್ಲಿ ಯಾರಿಗೂ ಬರಲ್ಲ."

"ಕೆಳಮುಖವಾಗೇ ಇಟ್ಟು ಮೆಲ್ಲಗೆ ತೂಗಿದ್ರೆ ಮೂರನೇದು ಈಗಲೂ ನುಡಿಯತ್ತೆ. ಅದಕ್ಕೆ ಆ ಮರ ಬೇಕಾಗಿಲ್ಲ."

"ಅಷ್ಟಾದ್ರೆ ಸಾಕಲ್ಲ."

ಸಾಕಾಗುವುದಿಲ್ಲ ಎಂದು ಮಾವಿಸಳಿಗೆ ಗೊತ್ತಿತ್ತು. ಅದು ಗಂಟೆ ಬಾರಿಸುವುದಲ್ಲ, ತೊಟ್ಟಿಲು ತೂಗುವುದು. ಅಪ್ಪ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಎದ್ದು ಬಸ್ಸಿನ ಹತ್ತಿರ ಹೋಗಿ, ಗೋಪುರದಿಂದ ಇಳಿದು ಬಂದ ಕ್ಲೈವನ ಕೈಗೆ ಬಸ್ಸಿನ ಕೀಲಿ ಹಾಕಿದಳು.

"ನಾಳೆ ನಾನು ಬರಲ್ಲ. ನಿಮ್ಮ ಚರ್ಚುಗಳನ್ನ ನೀವೇ ಹುಡುಕ್ಕೊಳ್ಳಿ."

"ನನಗೆ ಇಷ್ಟು ದೊಡ್ಡ ಬಸ್ಸು ಓಡಿಸಿ ಅಭ್ಯಾಸ ಇಲ್ಲ..."

"ಜೋರಾಗಿ ಎಳೀಬೇಡಿ, ಅಷ್ಟೆ."

ಭಾನುವಾರ ಬೆಳಿಗ್ಗೆ ಮಾವಿಸ್ ಬೆಬ್ ಹೋಪ್‌ಬೆಚ್‌ನ ಮೂರನೇ ಗಂಟೆಯನ್ನು ಒಬ್ಬಳೇ ನುಡಿಸಿದಳು. ಪ್ರಾರ್ಥನೆಗೆ ಹನ್ನೊಂದು ಜನ ಬಂದರು.