ರಾಹೇಲಮ್ಮನ ಬೆರಳಾಟ

ಹೊಸಪೇಟೆಯ ನಮ್ಮ ಸಣ್ಣ ಚರ್ಚಿನ ಆರ್ಗನ್ನಿನ ಮುಚ್ಚಳ ತೆರೆದರೆ ಹಳೇ ತೊಗಲಿನ ವಾಸನೆಯ ಜೊತೆ ಒಂದಿಷ್ಟು ಕೆಂಪು ಧೂಳೂ ಏಳುತ್ತದೆ. ಅದಿರು ಲಾರಿಗಳು ನಮ್ಮ ಬೀದಿಗೆ ಬರುವುದು ಕಡಿಮೆಯಾಗಿದೆ. ಧೂಳು ಮಾತ್ರ ಒಳಗೇ ಕುಳಿತಿದೆ. ಈ ಭಾನುವಾರ ಅದನ್ನು ಎರಡೆರಡು ಸಲ ಒರೆಸಿದೆ. ಕಾರಣವಿದೆ, ಕೇಳಿ.

ಇದು ಕಾಲಿನಿಂದ ತುಳಿದು ಗಾಳಿ ಕೊಡುವ ಆರ್ಗನ್. ನಲವತ್ತು ವರ್ಷ ತುಳಿದವರು ರಾಹೇಲಮ್ಮ ಟೀಚರ್. ಕೀರ್ತನೆಯ ಒಂದು ಸಾಲು ಮುಗಿದರೆ ಅವರು ಕೂಡಲೇ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ನಾಲ್ಕಾರು ಸ್ವರಗಳನ್ನು ಮೆಟ್ಟಿಲಿಳಿದಂತೆ ನುಡಿಸಿ, ಆಮೇಲೆ ಜನರನ್ನು ಕರೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ಚರ್ಚುಗಳಲ್ಲಿ ಹಿಂದೆ ಹೀಗೇ ನುಡಿಸುತ್ತಿದ್ದರಂತೆ. ಅಲ್ಲಿ ಎಂದೋ ಬಿಟ್ಟುಹೋದ ಪದ್ಧತಿ ಯಾವಳೋ ದೊರೆಸಾನಿಯಿಂದ ಟೀಚರ ಗುರುಗಳಿಗೆ, ಅವರಿಂದ ಇವರಿಗೆ ಬಂದಿತ್ತು. ನಾವು ಅದನ್ನು ಬೆರಳಾಟ ಎನ್ನುತ್ತಿದ್ದೆವು.

ನಾನು ಪತ್ರಿಕೆಯ ಉಪಸಂಪಾದಕ. ಹೆಚ್ಚಾದದ್ದನ್ನು ಕತ್ತರಿಸುವುದೇ ಕಸುಬು. ಟೀಚರಿಗೆ ಕೈನಡುಕ ಬಂದು, ಅವರಲ್ಲೇ ಕಲಿತ ನನ್ನನ್ನು ಆರ್ಗನ್ನಿಗೆ ಕೂರಿಸಿದ ಮೊದಲ ಭಾನುವಾರ ಬೆರಳಾಟವನ್ನೆಲ್ಲ ತೆಗೆದುಹಾಕಿದೆ. ಕೀರ್ತನೆ ಎರಡು ನಿಮಿಷ ಬೇಗ ಮುಗಿಯಿತು. ಮುಖಪುಟದಲ್ಲಿ ಜಾಗ ಉಳಿಸಿದಷ್ಟು ಹೆಮ್ಮೆಪಟ್ಟೆ.

ಹೊರಗೆ ಟೀಚರ ಯಜಮಾನರು, ಸಂಡೂರಿನ ಗಣಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದ ಸಾಮುವೇಲಪ್ಪ, ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು.

"ಮಸ್ತ್ ಬಾರ್ಸಿದೆಪ್ಪ," ಎಂದರು ಟೀಚರ್. "ಆದ್ರ ಇವರು ಹಾಡಿನ ಎರಡನೇ ಸಾಲಿಗೇ ಕುಂತುಬಿಟ್ರು. ನಾ ಚೆಂದಕ್ಕ ಬಾರಿಸ್ತಿದ್ದೆ ಅಂದ್ಕೊಂಡಿಯೇನು? ಇವರಿಗೆ ಉಸಿರು ಬರೋಮಟ ಬಾರಿಸ್ತಿದ್ದೆ."

"ಬಿಡು," ಎಂದರು ಸಾಮುವೇಲಪ್ಪ, ತಡೆತಡೆದು. "ಪೇಪರಿನೋರಿಗೆ... ಯಾವಾಗ್ಲೂ ಜಲ್ದಿ."

ಆರ್ಗನ್ನಿಗೆ ಕೂತವರ ಬೆನ್ನು ಜನರ ಕಡೆ, ಅವರು ಕಾಣುವುದಿಲ್ಲ. ಅಂದಿನಿಂದ ನನ್ನ ಕಿವಿ ಸಾಮುವೇಲಪ್ಪ ಕೂರುವ ಮೂರನೇ ಬೆಂಚಿನ ಮೇಲೆ. ಸಾಲು ಮುಗಿಯುತ್ತದೆ, ಬೆರಳಾಟ ಶುರುವಾಗುತ್ತದೆ, ಸಾಮುವೇಲಪ್ಪ ಒಮ್ಮೆ ಕೆಮ್ಮಿ ಉಸಿರೆಳೆದುಕೊಳ್ಳುತ್ತಾರೆ. ಆಗ ಮುಂದಿನ ಸಾಲು. ವರ್ಷ ಕಳೆದಂತೆ ನಾಲ್ಕು ಸ್ವರ ಎಂಟಾದವು, ಎಂಟು ಹದಿನಾರಾದವು. ಎದುರಿಗೆ ಹೊಸ ಪಾಸ್ಟರ್ ಗಡಿಯಾರ ನೋಡುತ್ತಾರೆ. ನಾನು ನೋಡದವನಂತಿರುತ್ತೇನೆ.

ಎರಡು ವಾರ ಆಸ್ಪತ್ರೆಯಲ್ಲಿದ್ದ ಸಾಮುವೇಲಪ್ಪ ಈ ಭಾನುವಾರ ಟೀಚರ ತೋಳು ಹಿಡಿದು ಬಂದಿದ್ದರು. ಮೊದಲ ಸಾಲು ಮುಗಿಯಿತು. ಹದಿನಾರು ಸ್ವರ ಇಳಿದೆ. ಕೆಮ್ಮು ಬರಲಿಲ್ಲ. ಮತ್ತೆ ಮೇಲಿನಿಂದ ಶುರುಮಾಡಿದೆ. ಹಿಂದೆ ಯಾರೋ ಪುಸ್ತಕದ ಹಾಳೆ ಮಗುಚಿದರು, ಪಾಸ್ಟರ್ ಗಂಟಲು ಸರಿಮಾಡಿಕೊಂಡರು. ತಿರುಗಿ ನೋಡಿದರೆ ಕಾಲು ನಿಲ್ಲುತ್ತದೆ, ಗಾಳಿ ತಪ್ಪುತ್ತದೆ. ತುಳಿಯುತ್ತಲೇ ಇದ್ದೆ.

ಮೂರನೇ ಸಲ ಇಳಿಯುವಾಗ ಕೇಳಿತು, ಸಣ್ಣ ಒಣ ಕೆಮ್ಮು.

ಮುಂದಿನ ಸಾಲಿಗೆ ಹೋಗಬಹುದಿತ್ತು. ಇನ್ನೂ ನಾಲ್ಕು ಸ್ವರ ನುಡಿಸಿದೆ. ಅವು ನನ್ನ ಉಸಿರಿಗೆ ಬೇಕಿದ್ದವು.